ಸದ್ಯಕ್ಕೆ ಬತ್ತಿರುವ

ಎರಡನೇ ಕಲಮು, ಜೆ ಉಪಕಲಮು.
ಊಟದ ನಂತರದ ಪೀರಿಯಡ್ಡು, ಫ್ಯಾನಿಗೂ ತೂಕಡಿಕೆ.
'ಹಳ್ಳ ಅಂದರೇನು?' ಎಂದೆ.
'ನೀರ ಹರಿಯೂದ್ರೀ' ಎಂದಿತು ಹಿಂದಿನ ಬೆಂಚು.
ಅಷ್ಟೇ ಅಲ್ಲ, ಬರೆದುಕೊಳ್ಳಿ:
ಹರಿಯುತ್ತಿರಲಿ, ಸದ್ಯಕ್ಕೆ ಬತ್ತಿರಲಿ,
ಕಾಯ್ದೆಯ ಕಣ್ಣಿಗೆ ಹಳ್ಳ ಹಳ್ಳವೇ.

ಹದಿನಾಲ್ಕು ವರ್ಷದಿಂದ ಓದುತ್ತಿದ್ದೇನೆ ಇದನ್ನು,
ಪ್ರತಿ ಸಲ 'ಸದ್ಯಕ್ಕೆ' ಎಂಬಲ್ಲಿ ತುಸು ನಿಲ್ಲುತ್ತೇನೆ;
ಇಡೀ ಕಾಯ್ದೆಯಲ್ಲಿ ಅದೊಂದೇ ಪದ
ಮಳೆಯನ್ನು ನಂಬಿದ್ದು.

ಫಕ್ಕೀರವ್ವ ಎದ್ದಳು, ಶಿರಹಟ್ಟಿ ಕಡೆಯವಳು,
ಅಪ್ಪ ಸರ್ವೆ ಆಫೀಸಿನಲ್ಲಿ ಸರಪಳಿ ಹಿಡಿಯುತ್ತಿದ್ದವ.
ಪ್ರಾಜೆಕ್ಟಿಗೆಂದು ಹಳೆಯ ನಕಾಶೆ ತಂದಿದ್ದಾಳೆ,
ಅರಿವೆಗೆ ಅಂಟಿಸಿದ್ದು, ಮಡಿಕೆಯಲ್ಲಿ ಹರಿದದ್ದು,
ನಮ್ಮ ಬಡಾವಣೆ ಇನ್ನೂ ಜೋಳದ ಹೊಲವಾಗಿದ್ದಾಗಿನದು.
ನೀಲಿ ಗೆರೆಯೊಂದು ಉಣಕಲ್ ಕೆರೆಯತ್ತ ಇಳಿಯುತ್ತದೆ.
ಅದರ ಜೊತೆ ಅವಳ ಬೆರಳೂ ಇಳಿಯಿತು:
ಹಿಟ್ಟಿನ ಗಿರಣಿ, ನೀರಿನ ಟಾಕಿ, ಮೂರನೇ ಕ್ರಾಸು.
ಪ್ಲಾಟು ನಲವತ್ತೇಳರ ಮೇಲೆ ನಿಂತಿತು.

ಅಲ್ಲಿ ನಾನು ಗ್ರಾನೈಟು ಹಾಸಿದ್ದೇನೆ.
ಬಿನ್‌ಶೇತ್ಕಿ ಆದೇಶವಿದೆ, ತೆರಿಗೆಯ ಪಾವತಿಯಿದೆ,
ಪ್ರತಿ ಕಾಗದಕ್ಕೂ ಸಿಕ್ಕಾ ಬಿದ್ದಿದೆ.
ಶ್ರಾವಣದಲ್ಲಿ ಅಡುಗೆಮನೆಯ ನೆಲ ಬೆವರುತ್ತದೆ,
'ಸಿಮೆಂಟ ಕಡಿಮಿ ಬಿದ್ದೈತ್ರೀ' ಅಂದಿದ್ದ ಗೌಂಡಿ.

'ಮ್ಯಾಲೆ ಮನಿ ಕಟ್ಟಿದ್ರ, ಮೇಡಂ, ಅದೂ ಸದ್ಯಕ್ಕನ ಏನ್ರೀ?'
ಯಾರ ಮನೆ ಎಂದು ಅವಳು ಹೇಳಲಿಲ್ಲ,
ಹೋದ ದೀಪಾವಳಿಗೆ ಬಂದು ಫರಾಳ ತಿಂದು ಹೋದವಳು.
ನಾಲ್ಕು ತೀರ್ಪುಗಳ ಹೆಸರು ಹೇಳಿದೆ.
ಒಂದರ ವರ್ಷ ತಪ್ಪಿತು.

ಸಂಜೆ, ಇಪ್ಪತ್ತಕ್ಕೆ ಹತ್ತೊಂಬತ್ತು ಬರೆದೆ.
ಆ ಒಂದು ಅಂಕ ಯಾಕೆ ಕಳೆದೆ ಎಂದು
ರಾತ್ರಿ ಬರಿಗಾಲಲ್ಲಿ
ಅಡುಗೆಮನೆಯಲ್ಲಿ ನಿಂತು ಕೇಳಿಕೊಂಡೆ.
ಕಾಲಡಿ ತಣ್ಣಗಿತ್ತು.