ಇನ್ನೂರ ಹದಿನಾಲ್ಕನೆಯ ಪುಟ

ಅಕ್ರಾದಲ್ಲಿ, ದೊಡ್ಡ ಕೋರ್ಟಿನ ಹಿಂಬದಿಯ ಓಣಿಯಲ್ಲಿ
ಮೂವತ್ತೊಂದು ವರ್ಷದಿಂದ ತೀರ್ಪುಗಳನ್ನು ಹೊಲಿಯುತ್ತಿದ್ದೇನೆ.
ನ್ಯಾಯ ಗೊತ್ತಿಲ್ಲ ನನಗೆ. ದಾರ ಗೊತ್ತು:
ಮೇಣ ಸವರಿದ ದಾರ, ಬಾಗಿದ ಸೂಜಿ,
ಮರಗೆಣಸಿನ ಹಿಟ್ಟು ಕುದಿಸಿದ ಅಂಟು.

ಹಾಳೆಗಳು ಬಿಡಿಬಿಡಿಯಾಗಿ ಬರುತ್ತವೆ,
ಗಾಳಿಗೆ ಹೆದರಿದ ಕೋಳಿಗಳ ಹಾಗೆ.
ತಟ್ಟಿ, ಸಾಲು ಹಿಡಿಸಿ, ಎದೆಗಾನಿಸಿಕೊಂಡು ಹೊಲಿಯಬೇಕು.
ಓದಬಾರದು, ಅಂತಿದ್ದರು ನಮ್ಮ ಯಜಮಾನರು ಅಗ್ಬೆಕೊ,
ಓದುವ ಬೈಂಡರಿಗೆ ಹೊಲಿಗೆ ತಪ್ಪುತ್ತದೆ.

ಒಮ್ಮೆ ಓದಿದೆ. ತಪ್ಪಿತು.

ಕೊರ್ಕೊಯ್ ಓಬ್ಲಿಟೆ ವಿರುದ್ಧ ಸರ್ಕಾರ.
'ವಿರುದ್ಧ' ಎಂಬ ಆ ಸಣ್ಣ ಪದದ ತಕ್ಕಡಿಯಲ್ಲಿ
ಒಂದು ಕಡೆ, ಮೀನಿಗೆ ಹೊಗೆ ಕೊಡುವ ಆರು ಮಣ್ಣಿನ ಒಲೆ;
ಇನ್ನೊಂದು ಕಡೆ ಬಂದರು, ಸಚಿವಾಲಯ, ಬುಲ್ಡೋಜರು, ಬಾವುಟ.
ನಸುಕಿನಲ್ಲಿ ಬಂದು ಕೆಡವಿದ್ದರು. ಒಲೆಯಲ್ಲಿ ಬೆಂಕಿಯಿತ್ತು.
ಅವಳನ್ನು ಒಂದು ಮಾತು ಕೇಳಿರಲಿಲ್ಲ.
ಕೇಳಬೇಕಿತ್ತೆ? ಇಷ್ಟೇ ಪ್ರಶ್ನೆ.

ಬೇಕಿಲ್ಲ ಎಂದರು ಇಬ್ಬರು, ಎಂಬತ್ತು ಪುಟದಲ್ಲಿ.
ಬೇಕಿತ್ತು ಎಂದರು ಒಬ್ಬರು, ಒಂಬತ್ತು ಪುಟದಲ್ಲಿ.
ಪುಟ ಇನ್ನೂರ ಹದಿನಾಲ್ಕು, ಮೇಲಿಂದ ಐದನೆಯ ಸಾಲು:
'ಸರ್ಕಾರವೂ ಬಾಗಿಲು ತಟ್ಟಿಯೇ ಒಳಬರತಕ್ಕದ್ದು.
ಬಾಗಿಲೇ ಇಲ್ಲದ ಮನೆಯಾದರೆ
ಹೊರಗೆ ನಿಂತು ಆಗೋ ಎನ್ನತಕ್ಕದ್ದು,
ಒಳಗಿನಿಂದ ಆಮೇ ಎಂಬ ಉತ್ತರ ಬರುವ ತನಕ
ಕಾಯತಕ್ಕದ್ದು.'

ಅಲ್ಲಿ ನನ್ನ ಸೂಜಿ ಓರೆಯಾಯಿತು.
ಸೋತ ಮಾತನ್ನೂ ಗೆದ್ದ ಮಾತಿನ ಜೊತೆ
ಒಂದೇ ದಾರದಲ್ಲಿ ಹೊಲಿಯುವುದು ಪದ್ಧತಿ.
ಯಾಕೆಂದು ಆವತ್ತಿನ ತನಕ ಕೇಳಿಕೊಂಡಿರಲಿಲ್ಲ.

ಕೆಟ್ಟ ಹಾಳೆ ರದ್ದಿಗೆ, ರದ್ದಿ ಸಂತೆಗೆ.
ವಾರ ಕಳೆದು, ಹೆಂಡತಿ ತಂದ ಮೀನಿನ ಪೊಟ್ಟಣ ಬಿಚ್ಚಿದರೆ
ಎಣ್ಣೆ ಕುಡಿದ ಇನ್ನೂರ ಹದಿನಾಲ್ಕು.
ಮಾರಿದವಳು ಯಾರೇ? ಎಂದೆ.
ಬಂದರಿನ ಗೋಡೆಯ ಪಕ್ಕ ಎರಡೇ ಒಲೆ ಇಟ್ಟುಕೊಂಡವಳು, ಎಂದಳು.
ಓದು ಬಾರದು. ಚೌಕಾಸಿಗೆ ಮಾತ್ರ ಬಗ್ಗುವವಳಲ್ಲ.

ಹದಿನೇಳು ವರ್ಷ ಆ ಸಂಪುಟ ಕಪಾಟಿನಲ್ಲಿ ಸುಮ್ಮನಿತ್ತು.
ಗೆದ್ದಲು ಬಂತು. ಮರುಭೂಮಿಯ ಧೂಳು ಬಂತು.
ಸರ್ಕಾರಗಳು ಬಂದವು.
ಆಮೇಲೆ ಉತ್ತರದ ಸೀಮೆಯ ಯಾರೋ ಶಾಲಾ ಮಾಸ್ತರ,
ಕಾರಣ ಕೇಳದೆ ಕೆಲಸದಿಂದ ತೆಗೆದಿದ್ದರಂತೆ;
ಅವನ ವಕೀಲೆ, ಎಳೆ ಹುಡುಗಿ,
ಪುಸ್ತಕ ಇಳಿಸಿ, ಧೂಳು ಊದಿ, ಐದನೆಯ ಸಾಲು ಓದಿದಳು.
ಏಳು ಮಂದಿ. ಏಳೂ ಮಂದಿ ಹೌದೆಂದರು.

ಈಗ ಬುಲ್ಡೋಜರಿಗಿಂತ ಮುಂಚೆ ಒಂದು ನೋಟಿಸು ನಡೆದು ಬರುತ್ತದೆ.
ಕೆಲವು ಸಲ ತಡವಾಗಿ,
ಕೆಲವು ಸಲ ಸುಳ್ಳು ತಾರೀಖು ಹಚ್ಚಿಕೊಂಡು.
ಆದರೂ ಬರುತ್ತದೆ.

ಕಾನೂನು ಕಾಲೇಜಿನ ಹುಡುಗರು ಕೊರ್ಕೊಯ್ ಎನ್ನುತ್ತಾರೆ,
ಮಗ್ಗಿ ಒಪ್ಪಿಸಿದ ಹಾಗೆ. ಪರೀಕ್ಷೆಯಲ್ಲಿ ಹತ್ತು ಅಂಕ.
ಒಲೆಗಳ ಹಣ ಅವಳಿಗೆ ಬರಲಿಲ್ಲ;
ಸೋತ ಮೊಕದ್ದಮೆ ಸೋತದ್ದೇ.

ಮೊನ್ನೆ ಹುಡುಕಿಕೊಂಡು ಹೋದೆ,
ಕಂಕುಳಲ್ಲಿ ಆ ಸಂಪುಟ, ಓರೆ ಹೊಲಿಗೆಯದು.
ತಗಡಿನ ಮಾಡು. ಹೊಗೆ. ತಟ್ಟಲು ಬಾಗಿಲಿಲ್ಲ.
ಆಗೋ, ಎಂದೆ.
ಒಳಗೆ ಯಾರೋ ಕೆಮ್ಮಿದರು, ಬೆಂಕಿ ಊದುವ ಸದ್ದು.
ಕಾದೆ.