ದಾರ ಬಾಗುವ ಕಡೆ

ಇದರೊಳಗೆ ತಿರುಗುವುದೇನೂ ಇಲ್ಲ.
ಪಿಸ್ಟನ್ ಇಲ್ಲ, ರೆಕ್ಕೆ ಇಲ್ಲ, ವೈರು ಇಲ್ಲ.
ಸಣ್ಣ ತೂತಿನಿಂದ ಗಾಳಿ ಓಡಿಹೋಗುತ್ತದೆ,
ಹೋಗುವಾಗ ಪಕ್ಕದ ಗಾಳಿಯ ಕೈ ಹಿಡಿದು
ದರದರ ಎಳೆದುಕೊಂಡು ಹೋಗುತ್ತದೆ, ಅಷ್ಟೇ.
ಹಿಂದೆ ಉಳಿದದ್ದು ನಮ್ಮ ಸರಕು.

ಖಾಲಿ ಮಾರುತ್ತೀರಾ, ಎಂದು ನಕ್ಕಿದ್ದ
ಬೈತಖೋಲದ ಮೀನು ಪ್ಯಾಕಿಂಗಿನ ಗುಮಾಸ್ತ.
ಹೌದು ಮಾರಾಯ, ಖಾಲಿಯೇ.
ನಿನ್ನ ಸಿಗಡಿಯ ಚೀಲ
ಮೈಗಂಟಿ ಕೂರುವಷ್ಟು ಖಾಲಿ.

ಶಿರವಾಡದ ಶೆಡ್ಡಿನಲ್ಲಿ ನಾನೆಳೆದ ಗೆರೆ
ಚೆನ್ನಾಗಿಯೇ ಇತ್ತು, ಪರದೆಯ ಮೇಲೆ.
ನಾಜಲ್ಲು, ಅದರ ಕೊಳವೆ, ನಾಲ್ಕು ಸ್ಕ್ರೂ,
ಮೂರು ರಬ್ಬರ್ ಉಂಗುರ.
ನೂರು ಜೋಡಿಸಿದರೆ ಹದಿನೇಳು ಸೋರುತ್ತಿದ್ದವು.
ಕೈಯ ತಪ್ಪು, ಎಂದು ಬರೆದೆ.
ವರದಿಯಲ್ಲಿ ಕೈಗೆ ಹೆಸರಿರಲಿಲ್ಲ.

ಬೆಂಚಿನ ಮುಂದೆ ಇತ್ತು: ಶೆವಂತಿ ದುರ್ಗೇಕರ,
ಹನ್ನೊಂದು ವರ್ಷ ಸಿಗಡಿ ಸುಲಿದ ಬೆರಳು.

ಸೋಪಿನ ನೀರು ಹಚ್ಚಿ ನೋಡು, ಎಂದೆ.
"ಬಾಳಾ, ಇದು ಹೊರಗೆ ಸೋರೋದಲ್ಲ,
ಒಳಗೆ ಸೋರೋದು. ಗುಳ್ಳೆ ಎಲ್ಲಿಂದ ಬರ್ತದೆ?"
ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನು
ಗ್ರೀಸಿನ ಡಬ್ಬಿಯ ಮುಚ್ಚಳ ಹುಡುಕತೊಡಗಿದೆ.

ಬಿಸಿಯುಸಿರಿನ ಬಾಯಿಗೆ ಪೈಪು ಸಿಕ್ಕಿಸಿ
ಕಿಟಕಿಯಾಚೆ ಬಿಟ್ಟಳು.
ಸೆರಗಿನಂಚಿನ ಒಂದೆಳೆ ದಾರ ಕಿತ್ತು
ಸಂದಿಯ ಮೇಲೆ ತೂಗಿದಳು.
ಫ್ಯಾನು ನಿಲ್ಲಿಸಿ, ಎಂದಳು.
ಕಂಪ್ರೆಸರಿನ ಗುಂಯ್ ಒಂದೇ.
ದಾರ ಸುಮ್ಮನಿತ್ತು, ಸುಮ್ಮನೇ ಇತ್ತು,
ಆಮೇಲೆ, ಕೊನೆಯ ಉಂಗುರ ಕೂತ ಕಡೆಗೆ,
ಯಾರೋ ಮೆಲ್ಲಗೆ ಕರೆದ ಹಾಗೆ
ಬಾಗಿತು.

ಬಿಚ್ಚಿದೆವು. ಉಂಗುರದ ಬೆನ್ನ ಮೇಲೆ
ಉಗುರು ತಾಗಿದಂಥ ಗಾಯ, ತದಿಗೆಯ ಚಂದ್ರನಷ್ಟು.
"ಇದು ನಾನಲ್ಲ, ನಿನ್ನ ತೂತು."

ಹೀರುವ ತೂತು. ಅದರ ಅಂಚಿಗೆ
ಡ್ರಿಲ್ಲು ಬಿಟ್ಟುಹೋದ ಹಲ್ಲು.
ತನ್ನ ಮನೆ ಸೇರಬೇಕಾದರೆ ಉಂಗುರ
ಆ ಹಲ್ಲನ್ನು ಉಜ್ಜಿಕೊಂಡೇ ದಾಟಬೇಕು.
ದಾಟಿಸಿದ್ದು ಅವಳ ಹೆಬ್ಬೆರಳು,
ದಾರಿ ಹಾಕಿದ್ದು ನಾನು.

ಬೋಟುಗಳು ದಡದಲ್ಲಿ ಕೂರುವ ಆ ಎರಡು ತಿಂಗಳು
ಬಾವಿಗೆ ಮೆಟ್ಟಿಲಿಟ್ಟೆ:
ಬಾಯಿ ಅಗಲ, ಒಳಗೊಳಗೆ ಕಿರಿದು,
ಪ್ರತಿ ಉಂಗುರವೂ ಯಾರನ್ನೂ ಮುಟ್ಟದೆ ಇಳಿದು
ಕೊನೆಯ ಮೂರು ಮಿಲ್ಲಿಮೀಟರಿನಲ್ಲಿ ಮಾತ್ರ
ಗೋಡೆಗೆ ಮೈಯೊತ್ತುವ ಹಾಗೆ.
ಅಂಚಿಗೆ ಹದಿನೈದು ಡಿಗ್ರಿ ಇಳಿಜಾರು.

ನಾಲ್ಕು ಸ್ಕ್ರೂ ಹೋಗಿ ಒಂದು ಕ್ಲಿಪ್ಪು ಬಂತು.
"ಟಿಕ್ ಅಂದರೆ ಸಾಲದು, ಈ ಗದ್ದಲದಲ್ಲಿ ಕೇಳೋದಿಲ್ಲ.
ಬೆರಳಿಗೆ ಗೊತ್ತಾಗಬೇಕು."
ಆಯಿತು.
"ಕರಿ ಪ್ಲಾಸ್ಟಿಕ್ಕಿಗೆ ಕರಿ ಉಂಗುರ,
ಹಾಕೋದು ಮರೆತರೆ ಯಾರಿಗೆ ಕಾಣ್ತದೆ?"
ಕೆಂಪು ತರಿಸಿದೆ. ಪೈಸೆ ಹೆಚ್ಚು ಎಂದು
ಖರೀದಿಯವನು ಮೂರು ದಿನ ಮಾತು ಬಿಟ್ಟ.
ಕೊಳವೆಯನ್ನು ಬೇಕೆಂದೇ ಹಿಂದುಮುಂದಾಗಿ ತುರುಕಿದಳು;
ಹೋಗಲಿಲ್ಲ. ಮತ್ತೊಮ್ಮೆ ಜೋರಾಗಿ. ಹೋಗಲಿಲ್ಲ.
ಆಗ ಮೊದಲ ಸಲ ನಕ್ಕಳು.

ತೆಂಗಿನೆಣ್ಣೆ ಮಾತ್ರ ಬೇಡ, ಎಂದೆ,
ಸಿಲಿಕೋನ್ ಗ್ರೀಸು ಕೊಟ್ಟೆ.
ಮೂಸಿ ನೋಡಿ, "ಇದನ್ನು
ತಲೆಗೂ ಹಚ್ಚಿಕೊಳ್ಳೋಕೆ ಬರೋದಿಲ್ಲ" ಎಂದು
ತಗೊಂಡಳು.

ಹಳೆಯ ವರದಿ ತೆರೆದು
ಕೈ ಎಂದಿದ್ದಲ್ಲಿ ಅಂಚು ಎಂದು ತಿದ್ದಿದೆ.
ಯಾರೂ ಓದಲಿಲ್ಲ. ಅಷ್ಟರಲ್ಲಿ ಆಗಸ್ಟು,
ಬೋಟುಗಳು ಹೋಗಿಯಾಗಿತ್ತು,
ಗುಮಾಸ್ತ ಫೋನಿನಲ್ಲಿ ಖಾಲಿ ಖಾಲಿ ಎಂದು ಕೂಗುತ್ತಿದ್ದ.

ನೂರಕ್ಕೆ ಎರಡು, ಇನ್ನೂ.
ಉಪ್ಪುಗಾಳಿಯೋ, ಅಚ್ಚಿನ ಗೆರೆಯೋ, ನನಗೆ ತಿಳಿಯದು.
ಅವೆರಡನ್ನೂ ಬೇರೆ ಇಟ್ಟಿದ್ದಾಳೆ,
ಬೆರಳಿಗೆ ದಾರ ಸುತ್ತಿಕೊಂಡು ಕೂತಿದ್ದಾಳೆ.
ಬಾಗಿಲಲ್ಲಿ ನನ್ನ ನೆರಳು ಕಂಡೊಡನೆ,
ತಲೆ ಎತ್ತದೆ,
ಫ್ಯಾನು ನಿಲ್ಲಿಸು, ಎನ್ನುತ್ತಾಳೆ.