ಕಿರುಗಾವಲಿನ ಹನ್ನೊಂದು ನಿಮಿಷ

ಚಿಕ್ಕ ಗಡಿಯಾರದ ಹಿಂದಿನ ಗಲ್ಲಿಯಲ್ಲಿ
ಜೆರಾಕ್ಸ್, ಲ್ಯಾಮಿನೇಷನ್, ಪಾನ್ ಕಾರ್ಡ್ ಎಂದು ಬೋರ್ಡಿರುವ ನನ್ನಂಗಡಿಗೆ
ಜಸಿಂತಾ ಟೀಚರ್ ಬಂದಾಗ ಅರ್ಧ ಶಟರ್ ಎಳೆದಾಗಿತ್ತು.
ಬಗ್ಗಿ ಒಳಬಂದು, ಕರ್ಚೀಫಿನ ಗಂಟು ಬಿಚ್ಚಿ
ಬೆಂಕಿಪೊಟ್ಟಣದಷ್ಟು ಹಳೇ ಮೀಟರು ಮೇಜಿನ ಮೇಲಿಟ್ಟರು.
"ಇದರೊಳಗೆ ನನ್ನ ಭಾನುವಾರ ಇದೆ, ತೆಗೆದುಕೊಡಿ.
ಕ್ಲಬ್ಬಿನವರಿಗೆ ಜಿಪಿಎಕ್ಸೇ ಆಗಬೇಕಂತೆ."

ಪುಕ್ಕಟೆ ಕನ್ವರ್ಟರಿಗೆ ಹಾಕಿದೆ.
ಗೆರೆ ಬಂತು: ಬನ್ನೂರು, ಮಳವಳ್ಳಿ, ಮದ್ದೂರು, ಮಂಡ್ಯ,
ಪಶ್ಚಿಮವಾಹಿನಿ ದಾಟಿ ವಾಪಸು ಮೈಸೂರು.
ವೇಳೆ ಬರಲಿಲ್ಲ.
ಹೊಟ್ಟಿನ ಜೊತೆ ಕಾಳನ್ನೂ ತೂರಿಬಿಟ್ಟ ಹಾಗೆ
ಇಪ್ಪತ್ತೇಳು ಸಾವಿರ ಚುಕ್ಕಿ, ಒಂದಕ್ಕೂ ಗಂಟೆಯಿಲ್ಲ.
ರಂಗೋಲಿಯ ಎಳೆ ಇದೆ;
ಕೈ ಎಲ್ಲಿಂದ ಹೊರಟಿತು, ಎಲ್ಲಿ ತಡೆಯಿತು, ಕೇಳಬೇಡಿ.

"ನಾಳೆ ಬನ್ನಿ" ಅಂದೆ.

ರಾತ್ರಿ ಕೂತು ನಾನೇ ಬಿಚ್ಚಿದೆ.
ಒಂದೊಂದು ಯಂತ್ರಕ್ಕೂ ಒಂದೊಂದು ಶಕೆ.
ಈ ಮೀಟರಿನ ಯುಗಾದಿ
ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಕೊನೇ ದಿನ,
ಅಜ್ಜಿಯ ಲೆಕ್ಕದಲ್ಲಿ ಶುಕ್ಲ ಸಂವತ್ಸರ, ಪುಷ್ಯ, ಭಾನುವಾರ.
ನನ್ನ ಕಂಪ್ಯೂಟರಿನದು ಎಪ್ಪತ್ತರ ಜನವರಿ.
ನಡುವಿನ ಅಂತರ ಅರವತ್ತಮೂರು ಕೋಟಿ ಹತ್ತು ಲಕ್ಷದ
ಅರವತ್ತೈದು ಸಾವಿರದ ಆರುನೂರು ಸೆಕೆಂಡು.
ಕೂಡಿಸಿದೆ.
ಬೆಳಗಿನ ಐದೂ ನಲವತ್ತಕ್ಕೆ ಹೊರಟ ಟೀಚರು
ಪರದೆಯ ಮೇಲೆ ನಡುರಾತ್ರಿ ಹನ್ನೆರಡೂ ಹತ್ತಕ್ಕೆ ಹೊರಟಿದ್ದರು.
ಐದೂವರೆ ಗಂಟೆ ಸೇರಿಸಲು ಹೋದ ಕೈ ಹಿಂದೆಗೆದೆ:
ಆ ಲೆಕ್ಕ ತೋರಿಸುವವನದು, ಬರೆದಿಡುವವನದಲ್ಲ.

ಎಲ್ಲ ಸರಿಹೋಯಿತು, ಕಿರುಗಾವಲೊಂದು ಬಿಟ್ಟು.
ಅಲ್ಲಿ ಗೆರೆ ಗಂಟುಬಿದ್ದಿತ್ತು,
ಬನ್ನೂರು ಕುರಿಯನ್ನು ಗೂಟಕ್ಕೆ ಕಟ್ಟಿದಂತೆ
ಅಲ್ಲಲ್ಲೇ ಸುತ್ತಿ, ಸುತ್ತಿ.
ನಿಂತ ಮೀಟರು ನಡುಗುವುದುಂಟು, ಉಪಗ್ರಹದ ತಪ್ಪು ಅಂದುಕೊಂಡೆ.
ಆದರೆ ಎದೆಪಟ್ಟಿಯ ನಾಡಿ?
ತೊಂಬತ್ತನಾಲ್ಕು. ಖಾಲಿ. ತೊಂಬತ್ತಾರು. ಖಾಲಿ. ನೂರಾ ಎರಡು. ಖಾಲಿ.
ಚಕ್ರ ಉರುಳುತ್ತಿದೆ, ಎದೆ ಮಾತ್ರ ನಿಂತಲ್ಲೇ ನಿಂತಿದೆ.
ತುಳಿಯುತ್ತಿರುವವರು ಯಾರು?

ಮಾರನೇ ಸಂಜೆ ಕೇಳಿದೆ.
"ಓ ಅದಾ" ಎಂದು ಸ್ಟೂಲು ಎಳೆದು ಕೂತರು.
"ಶಾಲೆ ಮುಂದೆ ನೀರು ಕುಡೀತಿದ್ದೆ. ಒಬ್ಬಳು ಹುಡುಗಿ
ಹ್ಯಾಂಡಲ್ ಹಿಡಿದುಕೊಂಡು ಬಿಡ್ಲೇ ಇಲ್ಲ ಕಣ್ರೀ.
ಸೀಟು ಇಳಿಸಿಕೊಟ್ಟೆ. ಆ ಬಯಲಲ್ಲೇ ಹೊಡೆದ್ಲು."

ಹಾಗಾದರೆ ಮೊದಲ ಎರಡು ನಿಮಿಷದ ನಿಶ್ಚಲ, ಸೀಟು ಇಳಿದದ್ದು.
ಕೊನೆಯ ಎರಡು, ಮತ್ತೆ ಏರಿದ್ದು.
ನಡುವೆ ಆರು ಸುತ್ತು.
ಪೆನ್ಸಿಲಿನಲ್ಲಿ ಬರೆದುಕೊಂಡೆ:
ಮೊದಲನೆಯದು ನೂರಾ ಹನ್ನೆರಡು ಸೆಕೆಂಡು, ಆಮೇಲೆ ನೂರು,
ಐವತ್ತೆಂಟು, ಅರವತ್ತಮೂರು (ಇಲ್ಲಿ ಕಾಲೂರಿರಬೇಕು),
ನಲವತ್ತೇಳು.
ದೂರ ಹೋದಾಗ ಟೀಚರ ನಾಡಿ ಮೀಟರಿಗೆ ಸಿಕ್ಕದು,
ಹತ್ತಿರ ಬಂದಾಗ ಸಿಕ್ಕುವುದು, ಪ್ರತಿ ಸಲ ಒಂದೆರಡು ಏರಿ.

ವೇಳೆ ಉದುರಿದ್ದರೆ ಇದೊಂದು ಸಿಕ್ಕು ಅಷ್ಟೇ,
ಒಂದು ಗುಂಡಿ ಒತ್ತಿ ಒರೆಸಬಹುದಾದ ಕಸ.

"ಗಡುವಿಗೆ ನಾಲ್ಕು ನಿಮಿಷ ತಡ ಆಗಿದೆ ನಿಮಗೆ.
ಈ ಹನ್ನೊಂದು ಕತ್ತರಿಸಿದರೆ ಒಳಗೇ ಬರ್ತೀರಿ.
ಯಾರಿಗೂ ತಿಳಿಯಲ್ಲ" ಅಂದೆ, ಹಲ್ಲು ಕಚ್ಚಿಕೊಳ್ಳುತ್ತ,
ಕೇಳಬಾರದಿತ್ತು ಅನ್ನಿಸಿ.

ಅವರಿಗೆ ಕೇಳಿಸಿತೋ ಇಲ್ಲವೋ.
"ಆರನೇ ಸುತ್ತು ಎಷ್ಟು?"

"ಮೂವತ್ತೆಂಟು."

ನನ್ನ ಕೌಂಟರಿನ ಪೆನ್ನೆತ್ತಿ ಅಂಗೈಯಲ್ಲಿ ಬರೆದುಕೊಂಡರು.
"ಬರೋ ಭಾನುವಾರ ಅವಳಿಗೆ ಹೇಳ್ಬೇಕು."

ಇಪ್ಪತ್ತು ರೂಪಾಯಿ ಅಂದೆ. ಐನೂರರ ನೋಟು ತೆಗೆದರು.
ಚಿಲ್ಲರೆ ಇಬ್ಬರ ಹತ್ತಿರವೂ ಇರಲಿಲ್ಲ.